ಮದ್ದಿನ ಲೆಕ್ಕ ಯಾರ ಕೈಯಲ್ಲಿದೆ?



ನಮ್ಮ ತೋಟಗಳ ಆಫೀಸುಗಳಲ್ಲಿ ಒಂದು ಪ್ರಶ್ನೆ ಬಹುಕಾಲದಿಂದ ಸಿದ್ಧವಾಗಿ ಕುಳಿತಿದೆ. ಇಪ್ಪತ್ತೈದು ವರ್ಷ ಬೆನ್ನಿಗೆ ಪಂಪು ಹೊತ್ತವನಿಗೆ ಅರುವತ್ತರ ಅಂಚಿನಲ್ಲಿ ಕ್ಯಾನ್ಸರ್ ಎಂದು ಆಸ್ಪತ್ರೆಯವರು ಚೀಟಿ ಬರೆದುಕೊಡುತ್ತಾರೆ. ಆ ಚೀಟಿ ಹಿಡಿದು ಅವನ ಹೆಂಡತಿಯೋ ಮಗನೋ ಆಫೀಸಿನ ಜಗಲಿ ಹತ್ತುತ್ತಾರೆ. ಒಳಗಿನಿಂದ ಬರುವ ಮಾತು ಒಂದೇ: "ನಮ್ಮ ಮದ್ದಿನಿಂದಲೇ ಬಂತು ಎನ್ನುವುದಕ್ಕೆ ಸಾಕ್ಷಿ ಎಲ್ಲಿದೆ?" ಗದರಿಸಿ ಕೇಳುವುದಿಲ್ಲ. ಮೆತ್ತಗೆ, ಕೂರಲು ಬೆಂಚು ತೋರಿಸಿ ಕೇಳುತ್ತಾರೆ. ಬಂದವರಿಗೆ ಉತ್ತರ ಗೊತ್ತಿಲ್ಲ. ಜಗಲಿ ಇಳಿದು ಹೋಗುತ್ತಾರೆ.

ಮೇಲ್ನೋಟಕ್ಕೆ ಇದು ನ್ಯಾಯದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಸಾಕ್ಷಿ ಇರಬೇಕಾದದ್ದು ಕೂಲಿಯ ಟ್ರಂಕಿನಲ್ಲಿ ಅಲ್ಲ, ಆಫೀಸಿನ ಬೀರುವಿನಲ್ಲಿ. ಯಾವ ದಿನ, ಯಾವ ಬ್ಲಾಕಿನಲ್ಲಿ, ಯಾವ ಮದ್ದು, ಎಷ್ಟು ಲೀಟರು, ಯಾರ ಕೈಯಿಂದ ಎಂಬುದನ್ನು ಬರೆದಿಡಬೇಕಾದವರು ಬರೆಯಲಿಲ್ಲ; ಬರೆದದ್ದನ್ನು ಗೆದ್ದಲಿಗೆ ಬಿಟ್ಟರು. ಮೂವತ್ತು ವರ್ಷ ಕಳೆದ ಮೇಲೆ ನಮ್ಮನ್ನು ಸಾಕ್ಷಿ ಕೇಳುವುದೆಂದರೆ, ಬೀಗದ ಕೈಯನ್ನು ತಾವೇ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲು ಏಕೆ ತೆರೆಯಲಿಲ್ಲವೆಂದು ನಮ್ಮನ್ನು ಗದರಿದ ಹಾಗೆ.

ಮೊದಲು ಹೆಸರಿನ ವಿಚಾರ. ಕಾಸರಗೋಡಿನಲ್ಲಾಗಲಿ ವಯನಾಡಿನಲ್ಲಾಗಲಿ ನಾವು ಅದನ್ನು ಮದ್ದು ಎನ್ನುತ್ತೇವೆ. ಅಡಿಕೆಗೆ ಮದ್ದು ಬಿಟ್ಟರು, ಕಾಫಿಗೆ ಮದ್ದು ಹೊಡೆದರು. ಜ್ವರಕ್ಕೆ ಕುಡಿಯುವುದೂ ಮದ್ದೇ. ಹೀಗೆ ಒಂದೇ ಹೆಸರಿನಲ್ಲಿ ಎರಡನ್ನೂ ಕರೆದು ಕರೆದು ನಮ್ಮ ಭಯ ಹೊರಟುಹೋಗಿದೆ. ಕೀಟವನ್ನು ಕೊಲ್ಲಲು ಮಾಡಿದ ವಸ್ತು ಅದು. ಅದನ್ನು ಬರಿಗೈಯಲ್ಲಿ ಕಲಸಿ, ಅದೇ ಕೈಯಲ್ಲಿ ಬುತ್ತಿ ಬಿಚ್ಚಿ ಉಂಡವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆಂದು ಲೈನಿನಲ್ಲಿ ಕೇಳಿ ನೋಡಿ.

ಹಾಗೆಂದು ವಿಷದ ಅಪಾಯ ಸರಕಾರಕ್ಕೆ ತಿಳಿಯದ್ದಲ್ಲ. 1958ರಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತ ಗೋಧಿಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತರು. ಅದರ ವಿಚಾರಣೆ ನಡೆದು, ಹತ್ತು ವರ್ಷದ ಮೇಲೆ, 1968ರಲ್ಲಿ ಕೀಟನಾಶಕ ಕಾಯಿದೆ ಬಂತು. ಅದು ಅಂದೇ ಕಣ್ಣಿಗೆ ಕಂಡ ಸಾವು. ತಿಂದರು, ಬಿದ್ದರು, ಎಲ್ಲರೂ ನೋಡಿದರು. ಕ್ಯಾನ್ಸರ್ ಹಾಗೆ ಬರುವುದಿಲ್ಲ. ನಮ್ಮ ಶರೀರ ಲೆಕ್ಕವಿಲ್ಲದಷ್ಟು ಸಣ್ಣ ಕಣಗಳಿಂದ ಆದದ್ದು. ಹಳೆಯ ಕಣ ಸಾಯುತ್ತದೆ, ಹೊಸದು ಹುಟ್ಟುತ್ತದೆ. ಆ ಹುಟ್ಟಿನ ಕ್ರಮವನ್ನು ಕೆಲವು ವಿಷಗಳು ಕೆಡಿಸುತ್ತವೆ. ಕೆಟ್ಟ ಕಣ ಒಂದೆರಡಾದರೆ ಶರೀರವೇ ಅದನ್ನು ತೆಗೆದುಹಾಕುತ್ತದೆ. ಮತ್ತೆ ಮತ್ತೆ ಕೆಡಿಸುತ್ತಾ ಹೋದರೆ ಎಲ್ಲೋ ಒಂದು ಉಳಿದುಕೊಂಡು, ಮೆಲ್ಲನೆ ಬೆಳೆದು, ಹತ್ತು ವರ್ಷಕ್ಕೋ ನಲುವತ್ತು ವರ್ಷಕ್ಕೋ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ಮೆನೇಜರು ನಾಲ್ಕು ಸಲ ಬದಲಾಗಿರುತ್ತಾರೆ. ತೋಟ ಎರಡು ಸಲ ಮಾರಾಟವಾಗಿರುತ್ತದೆ. ಕೆಲಸ ಮಾಡಿದವನು ಗ್ರಾಚ್ಯುಯಿಟಿ ಪಡೆದು ಲೈನ್ ಮನೆ ಬಿಟ್ಟಿರುತ್ತಾನೆ. ರೋಗದ ಈ ನಿಧಾನವೇ ಮಾಲೀಕರಿಗೆ ದೊಡ್ಡ ವಕೀಲನಾಗಿದೆ.

ಈ ನಿಧಾನ ಹೊಸ ಸಂಗತಿಯೂ ಅಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬವರು ಒಂದು ಮಾತು ಬರೆದಿಟ್ಟರು. ಅಲ್ಲಿ ಹೊಗೆಗೂಡು ಗುಡಿಸಲು ಬಡವರ ಚಿಕ್ಕ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಆ ಹುಡುಗರು ಬೆಳೆದು ಗಂಡಸರಾದ ಮೇಲೆ ಅವರ ವೃಷಣದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುತ್ತಿತ್ತು. ಅದಕ್ಕೆ ಕಾರಣ ಬಾಲ್ಯದಿಂದ ಮೈಗೆ ಮೆತ್ತಿದ ಮಸಿ ಎಂದು ಪಾಟ್ ಗುರುತಿಸಿದರು. ಕೆಲಸದಲ್ಲಿ ಮೈಗೆ ಹತ್ತಿದ ವಸ್ತುವಿನಿಂದ ವರ್ಷಗಳ ಮೇಲೆ ಕ್ಯಾನ್ಸರ್ ಬರುವುದೆಂದು ತಿಳಿದು ಇನ್ನೂರೈವತ್ತು ವರ್ಷಗಳಾದವು. ಇಂದೂ ಅದೇನೋ ಕಂಡು ಕೇಳರಿಯದ ಮಾತೆಂಬಂತೆ ಹುಬ್ಬೇರಿಸುವವರಿದ್ದಾರೆ.

ನಮ್ಮದೇ ಒಂದು ಉದಾಹರಣೆ ತೆಗೆದುಕೊಳ್ಳಿ. ಬಿ.ಎಚ್.ಸಿ. ಪುಡಿಯನ್ನು ಹಿರಿಯರು ಗ್ಯಾಮಕ್ಸಿನ್ ಎಂದು ನೆನಪಿಟ್ಟಿರಬಹುದು. ಕಾಫಿಯ ಕಾಂಡ ಕೊರೆಯುವ ಹುಳಕ್ಕೆ ಮೊದಲು ಅದನ್ನು, ಬಳಿಕ ಅದರದೇ ಸಾರವಾದ ಲಿಂಡೇನನ್ನು ಗಿಡದ ಬೊಡ್ಡೆಗೆ ಹೊಡೆಯುತ್ತಿದ್ದರು. ತಿಗಣೆಗೆ, ಇರುವೆಗೆ, ತಲೆಯ ಹೇನಿಗೆ ಕೂಡ ಅದನ್ನು ಉಪಯೋಗಿಸಿದವರಿದ್ದರು. ಬಿ.ಎಚ್.ಸಿ.ಯನ್ನು ಭಾರತ ಸರಕಾರ 1997ರಲ್ಲಿ ನಿಷೇಧಿಸಿತು. ಲಿಂಡೇನ್ 2013ರಲ್ಲಿ ನಿಂತಿತು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಸಂಶೋಧನಾ ಮಂಡಳಿಯು ಲಿಂಡೇನನ್ನು ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದು 2015ರಲ್ಲಿ. ಅದು ತರುವುದು ದುಗ್ಧಗ್ರಂಥಿಗಳ ಕ್ಯಾನ್ಸರ್, ಅಂದರೆ ಕುತ್ತಿಗೆ, ಕಂಕುಳು, ತೊಡೆಯ ಸಂದಿಯಲ್ಲಿ ಗಂಟುಗಳಾಗಿ ಕಾಣುವಂಥದ್ದು. 1980ರಲ್ಲಿ ಇಪ್ಪತ್ತೈದರ ಹರೆಯದಲ್ಲಿ ಬೊಡ್ಡೆಗೆ ಮದ್ದು ಹೊಡೆದವನಿಗೆ 2015ರಲ್ಲಿ ಅರುವತ್ತು. ತೀರ್ಪು ಬಂದಾಗ ಅವನ ಕೆಲಸ ಮುಗಿದಿತ್ತು. ಅವನು ಬದುಕಿದ್ದರೆ ಅವನ ಮನೆಗೆ ಯಾರಾದರೂ ಹೋಗಿ, "ಅಣ್ಣಾ, ನೀನು ಹೊಡೆದ ಮದ್ದಿನ ವಿಚಾರ ಹೀಗೆಂದು ಗೊತ್ತಾಗಿದೆ, ಒಮ್ಮೆ ಡಾಕ್ಟರಿಗೆ ತೋರಿಸಿಕೋ" ಎಂದು ಹೇಳಿದರೇ? ಹೇಳಲು ಅವನ ಹೆಸರಾದರೂ ಯಾರ ಬಳಿ ಇತ್ತು?

ಆ ಮಂಡಳಿ 1991ರಲ್ಲೇ ಇನ್ನೊಂದು ಮಾತು ಹೇಳಿತ್ತು. ಒಂದೊಂದು ವಿಷದ ಹೆಸರು ಹಿಡಿದು ಅಲ್ಲ; ಕೀಟನಾಶಕ ಸಿಂಪಡಿಸುವ ಕೆಲಸವನ್ನೇ, ಆ ಉದ್ಯೋಗವನ್ನೇ, ಬಹುಮಟ್ಟಿಗೆ ಕ್ಯಾನ್ಸರ್ ತರುವಂಥದ್ದು ಎಂಬ ವರ್ಗದಲ್ಲಿ ಇಟ್ಟಿತು. ಖಚಿತ ಎಂಬುದಕ್ಕೆ ಒಂದು ಮೆಟ್ಟಲು ಕೆಳಗೆ. 2015ರಲ್ಲಿ ಡಿ.ಡಿ.ಟಿ., ಮೆಲಾಥಿಯಾನ್, ಡಯಾಜಿನಾನ್, ಕಳೆ ಸಾಯಿಸುವ ಗ್ಲೈಫೋಸೇಟ್ ಇವೂ ಅದೇ ಮೆಟ್ಟಲಿಗೆ ಬಂದವು. ಗ್ಲೈಫೋಸೇಟಿನ ಬಗ್ಗೆ ಅಮೆರಿಕದ ಸರಕಾರಿ ಇಲಾಖೆ ಇದನ್ನು ಒಪ್ಪಿಲ್ಲವೆಂಬುದನ್ನೂ ಹೇಳಬೇಕು. ವಾದ ನಡೆದೇ ಇದೆ. ವಾದ ಮಾಡುವವರು ಮಾಡಲಿ. ಚಹಾದ ಸಾಲಿನಲ್ಲಿ ಗಾಳಿಗೆ ಎದುರಾಗಿ ಅದನ್ನು ಹೊಡೆಯುವವನು ಆ ವಾದ ಮುಗಿಯುವ ವರೆಗೆ ಬರಿಮೈಯಲ್ಲಿ ಇರಬೇಕೇ?

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲಿಂಡೇನಿನ ವಿಚಾರ ಲೋಕಕ್ಕೆ ತಿಳಿದದ್ದು ಹೇಗೆ? ಬರೆದಿಟ್ಟದ್ದರಿಂದ. ಅಮೆರಿಕದ ಅಯೋವಾ ಮತ್ತು ಉತ್ತರ ಕ್ಯಾರೊಲಿನಾ ಎಂಬ ಎರಡು ರಾಜ್ಯಗಳಲ್ಲಿ 1993ರಿಂದ ಸುಮಾರು 89,000 ಮಂದಿ, ಅಂದರೆ ಮದ್ದು ಹೊಡೆಯುವ ರೈತರು ಮತ್ತು ಅವರ ಮನೆಯವರು, ಒಂದು ದೊಡ್ಡ ಲೆಕ್ಕದಲ್ಲಿ ಸೇರಿದರು. ಯಾವ ಮದ್ದು, ವರ್ಷಕ್ಕೆ ಎಷ್ಟು ದಿನ, ಕೈಗವಸು ಇತ್ತೋ ಇಲ್ಲವೋ, ಬೀಡಿ ಸಿಗರೇಟು ಎಷ್ಟು ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರು. ಬಳಿಕ ಯಾರಿಗೆ ಯಾವ ರೋಗ ಬಂತೆಂದು ವರ್ಷ ವರ್ಷವೂ ನೋಡುತ್ತಾ ಬಂದರು. ನ್ಯಾಯವಾಗಿ ಹೇಳಬೇಕೆಂದರೆ ಆ ರೈತರಲ್ಲಿ ಒಟ್ಟು ಕ್ಯಾನ್ಸರ್ ಊರಿನ ಉಳಿದವರಿಗಿಂತ ಕಡಿಮೆಯೇ ಇತ್ತು, ಧೂಮಪಾನ ಅವರಲ್ಲಿ ಕಡಿಮೆ. ಆದರೆ ಕೆಲವು ಜಾತಿಯ ಕ್ಯಾನ್ಸರ್ ಹೆಚ್ಚಿತ್ತು. ಲಿಂಡೇನ್ ಹೊಡೆದವರಲ್ಲಿ ದುಗ್ಧಗ್ರಂಥಿಯ ಕ್ಯಾನ್ಸರ್ ಹೆಚ್ಚಿತ್ತು. ಸುಮ್ಮನೆ ತಲೆ ಎಣಿಸಿದ್ದರೆ ಮದ್ದು ಒಳ್ಳೆಯದೇ ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಮದ್ದಿನ ಹೆಸರು ಹೆಸರಾಗಿ ಬರೆದಿಟ್ಟದ್ದರಿಂದ ಸತ್ಯ ಹೊರಬಿತ್ತು.

ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದದ್ದು. ಕ್ಯಾಲಿಫೋರ್ನಿಯದಲ್ಲಿ 1959ರಿಂದ 1967ರ ವರೆಗೆ ಹೆರಿಗೆಗೆ ಬಂದ ಹೆಂಗಸರ ರಕ್ತವನ್ನು ತೆಗೆದು ಮಂಜುಗಟ್ಟಿಸಿ ಜೋಪಾನವಾಗಿ ಇಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಅದೇ ರಕ್ತದಲ್ಲಿ ಡಿ.ಡಿ.ಟಿ. ಎಷ್ಟಿತ್ತೆಂದು ಅಳೆದರು. 2007ರಲ್ಲಿ ಪ್ರಕಟವಾದ ಆ ವರದಿಯಂತೆ, ಡಿ.ಡಿ.ಟಿ. ಬಳಕೆಗೆ ಬಂದ ಕಾಲದಲ್ಲಿ ಇನ್ನೂ ಹದಿನಾಲ್ಕು ತುಂಬದ ಹುಡುಗಿಯರಾಗಿದ್ದವರಲ್ಲಿ, ರಕ್ತದಲ್ಲಿ ಅದು ಹೆಚ್ಚಿದ್ದವರಿಗೆ ಐವತ್ತರೊಳಗೆ ಸ್ತನದ ಕ್ಯಾನ್ಸರ್ ಬರುವ ಸಂಭವ ಐದು ಪಟ್ಟು. ಆಗಲೇ ದೊಡ್ಡವರಾಗಿದ್ದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ರೋಗ ಬಂದ ಮೇಲೆ ರಕ್ತ ನೋಡಿದ ಬೇರೆ ಪರೀಕ್ಷೆಗಳಲ್ಲಿ ಇದು ಸಿಕ್ಕಿರಲೇ ಇಲ್ಲ. ಮಲೇರಿಯದ ಕಾಲದಲ್ಲಿ ವಯನಾಡಿನ ಗೋಡೆ ಗೋಡೆಗೆ ಡಿ.ಡಿ.ಟಿ. ಹೊಡೆದರು. ಅದರಿಂದ ಬದುಕಿದ ಜೀವಗಳೂ ಬಹಳ, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಆ ಮನೆಗಳಲ್ಲಿ ಬೆಳೆದ ಹುಡುಗಿಯರ ರಕ್ತವನ್ನು ಯಾರು ತೆಗೆದಿಟ್ಟರು?

ಕಾಸರಗೋಡಿನ ವಾಚಕರು ಎಂಡೋಸಲ್ಫಾನ್ ಮಾತು ಏಕೆ ಇನ್ನೂ ಬರಲಿಲ್ಲವೆಂದು ಕಾಯುತ್ತಿರಬಹುದು. ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಚಿಗುರು ಹೀರುವ ಒಂದು ಸೊಳ್ಳೆಯಂಥ ಕೀಟಕ್ಕಾಗಿ. ಬಾವಿಗೆ ಮುಚ್ಚಳ ಹಾಕಬಹುದು. ತೋಡಿಗೆ, ಸುರಂಗದ ನೀರಿಗೆ ಮುಚ್ಚಳ ಹಾಕುವುದು ಹೇಗೆ? ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ಮೋಹನಕುಮಾರರು ತಮ್ಮ ರೋಗಿಗಳ ವಿಚಿತ್ರ ಕಾಯಿಲೆಗಳನ್ನು ಗುರುತು ಹಾಕಿದರು. ಶ್ರೀ ಪಡ್ರೆಯವರು ಪತ್ರಿಕೆಗಳಲ್ಲಿ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಮುನ್ಸೀಫ್ ಕೋರ್ಟಿನ ಮೆಟ್ಟಲು ಹತ್ತಿ ತಡೆಯಾಜ್ಞೆ ತಂದರು. ಗಡಿಯಾಚೆ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆಯೂ ಇದೇ ಕಥೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಬಂದು ಪರೀಕ್ಷಿಸಿ ಎಂಡೋಸಲ್ಫಾನಿನ ಕಡೆಗೇ ಬೆರಳು ತೋರಿಸಿತು. ಬಳಿಕ 2003ರಲ್ಲಿ ಕೇಂದ್ರದ ಒಂದು ಸಮಿತಿ ಸಂಬಂಧ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಬೇಕೆಂದಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಪುನಃ ಕೋರ್ಟಿಗೆ ಹೋದ 8 ಮಂದಿಗೆ ಮಾತ್ರವೆಂದು ಬಯಲಾಯಿತು.

ಆ ಪಟ್ಟಿಯಲ್ಲಿ ಕ್ಯಾನ್ಸರ್ ರೋಗಿಗಳದ್ದು ಬೇರೆಯೇ ಒಂದು ವರ್ಗ. ನೂರಕ್ಕೆ ಮೇಲ್ಪಟ್ಟ ಹೆಸರುಗಳು. ಅಂದರೆ ಸರಕಾರವೇ ಅವರನ್ನು ಸಂತ್ರಸ್ತರೆಂದು ಒಪ್ಪಿದೆ. ಆದರೆ ಲಿಯೋನಿನ ಮಂಡಳಿಯ ಪಟ್ಟಿಯಲ್ಲಿ ಎಂಡೋಸಲ್ಫಾನಿನ ಹೆಸರಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಬೇಡ, ಎದುರಿನವರು ನಾಳೆ ಅದನ್ನೇ ಎತ್ತಿ ತೋರಿಸುತ್ತಾರೆ. ಏಕೆ ಇಲ್ಲ? ನಿರ್ದೋಷಿ ಎಂದು ತೀರ್ಪಾದದ್ದಲ್ಲ. ಲೋಕದ ಕಣ್ಣಿಗೆ ಬಿದ್ದದ್ದು ನಮ್ಮ ಮಕ್ಕಳ ಚಿತ್ರಗಳು, ಬೀಳಬೇಕಾದದ್ದೇ. ಹೆಲಿಕಾಪ್ಟರಿನ ಟ್ಯಾಂಕಿಗೆ ಮದ್ದು ಕಲಸಿ ತುಂಬಿದ ದೊಡ್ಡವರು, ಹೆಲಿಕಾಪ್ಟರು ಹೋಗದ ಮೂಲೆಗಳಲ್ಲಿ ಪಂಪು ಹಿಡಿದವರು, ಮರುದಿನವೇ ಮರದಡಿ ಗೇರುಬೀಜ ಹೆಕ್ಕಿದ ಹೆಂಗಸರು, ಇವರ ಹೆಸರು ಹಿಡಿದು, ದಿನ ಹಿಡಿದು, ಮೂವತ್ತು ವರ್ಷ ಹಿಂಬಾಲಿಸಿ ಹೋದ ಲೆಕ್ಕ ಎಲ್ಲಿದೆ? ಅಯೋವಾದಲ್ಲಿ ಮಾಡಿದ ಕೆಲಸವನ್ನು ಪೆರಿಯದಲ್ಲಿ ಮಾಡಿದ್ದರೆ ಇಂದು ಉತ್ತರ ಇರುತ್ತಿತ್ತು, ಅದು ಹೌದೆಂದಾಗಲಿ ಅಲ್ಲವೆಂದಾಗಲಿ.

ಮಾಲೀಕರ ಕಡೆಯ ಎರಡನೆಯ ಮಾತು ಎಲೆಯಡಿಕೆ, ಬೀಡಿ, ಸಾರಾಯಿಯದ್ದು. "ಬಾಯಿ ತುಂಬ ಹೊಗೆಸೊಪ್ಪು ಹಾಕಿಕೊಂಡು ಕ್ಯಾನ್ಸರ್ ಬಂತೆಂದರೆ ತೋಟ ಏನು ಮಾಡಬೇಕು?" ಇದರಲ್ಲಿ ಅರ್ಧ ಸತ್ಯ ಇದೆ, ಅದನ್ನು ಒಪ್ಪೋಣ. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರಿಗೆ ನಮ್ಮಲ್ಲಿ ಮೊದಲ ಕಾರಣ ತಂಬಾಕು. ಹೊಗೆಸೊಪ್ಪು ಸೇರಿಸದ ಬರಿಯ ಎಲೆಯಡಿಕೆ ಕೂಡ ಕ್ಯಾನ್ಸರ್ ತರುತ್ತದೆಂದು ಅದೇ ಮಂಡಳಿ 2004ರಲ್ಲಿ ಖಚಿತಪಡಿಸಿದೆ. ಅಡಿಕೆಯನ್ನೇ ನಂಬಿ ಬದುಕುವ ನಾಡಿನಲ್ಲಿ ಇದನ್ನು ಹೇಳಿದರೆ ಮುಖ ಸಿಂಡರಿಸುವವರು ಬಹಳ. ಆದರೂ ಸತ್ಯ ಸತ್ಯವೇ. ಇನ್ನರ್ಧ ಸತ್ಯ ಏನೆಂದರೆ, ಚಟವೂ ವಿಷವೂ ಒಟ್ಟಾದರೆ ಅಪಾಯ ಕೂಡುವುದಲ್ಲ, ಗುಣಿಸುತ್ತದೆ. ಅಮೆರಿಕದಲ್ಲಿ ಕಲ್ನಾರು ಕೆಲಸದವರ ಲೆಕ್ಕ 1979ರಲ್ಲಿ ಹೊರಬಂತು. ಕಲ್ನಾರಿನ ಕೆಲಸ ಮಾತ್ರ ಮಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರಿನ ಸಾವು ಸುಮಾರು 5 ಪಟ್ಟು; ಸಿಗರೇಟು ಮಾತ್ರ ಸೇದಿದವರಿಗೆ ಸುಮಾರು 11 ಪಟ್ಟು; ಎರಡೂ ಇದ್ದವರಿಗೆ 50 ಪಟ್ಟಿಗೂ ಮೇಲೆ. ಕೂಲಿ ಬೀಡಿ ಸೇದುತ್ತಾನೆಂದು ತಿಳಿದ ಮೇಲೆ ಅವನ ಮೈಗೆ ವಿಷ ತಾಗದಂತೆ ನೋಡುವ ಹೊಣೆ ಮಾಲೀಕನಿಗೆ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು.

ಮೂರನೆಯ ಮಾತು ಮಾಲೀಕರದ್ದಲ್ಲ, ನಮ್ಮವರದ್ದೇ. ರೋಗ ಬಂದ ಮನೆಗೆ ಹೋಗಿ, ಏನೋ ಪಾಪದ ಫಲ, ಹಣೆಬರಹ ಎಂದು ಪಿಸುಗುಟ್ಟುವವರು. ಯೋಬನನ್ನು ಸಂತೈಸಲು ಬಂದ ಗೆಳೆಯರು ಮಾಡಿದ್ದೂ ಇದನ್ನೇ, ಅವರಿಗೆ ದೇವರಿಂದ ಸಿಕ್ಕಿದ್ದು ಛೀಮಾರಿ. ಆ ಮಾತಿಗೆ ಇದಕ್ಕಿಂತ ಹೆಚ್ಚು ಸ್ಥಳ ಕೊಡಲಾರೆ.

ಡಬ್ಬಿಯ ಮೇಲಿನ ಬಣ್ಣದ ವಿಚಾರದಲ್ಲಿ ನಮ್ಮವರಿಗೆ ದೊಡ್ಡ ಮೋಸವಾಗುತ್ತಿದೆ. ಕೆಂಪು, ಹಳದಿ, ನೀಲಿ, ಹಸುರು ಎಂದು ನಾಲ್ಕು ಬಣ್ಣದ ಗುರುತು ಇರುತ್ತದೆ. ಹಸುರು ಕಂಡರೆ "ಇದು ಸಾಧು ಮದ್ದು, ಏನೂ ಆಗುವುದಿಲ್ಲ" ಎನ್ನುತ್ತಾನೆ ಮೇಸ್ತ್ರಿ. ಅವನಿಗೂ ಯಾರೂ ತಿಳಿಸಿಲ್ಲ. ಆ ಬಣ್ಣ ಹೇಳುವುದು, ಇಂದು ಎಷ್ಟು ಪ್ರಮಾಣ ಹೊಟ್ಟೆಗೋ ಚರ್ಮಕ್ಕೋ ಹೋದರೆ ಜೀವ ಹೋಗುತ್ತದೆ ಎಂಬುದನ್ನು. ದಿನಕ್ಕೆ ಒಂದಿಷ್ಟಿಷ್ಟು ಇಪ್ಪತ್ತು ವರ್ಷ ಮೈಗೆ ಹತ್ತಿದರೆ ಏನಾಗುತ್ತದೆಂದು ಯಾವ ಬಣ್ಣವೂ ಹೇಳುವುದಿಲ್ಲ. ಮೆಲಾಥಿಯಾನ್ ಕೂಡಲೇ ಕೊಲ್ಲುವ ಘೋರ ವಿಷಗಳ ಸಾಲಿನದ್ದಲ್ಲ. ಆದರೂ ಮೇಲೆ ಹೇಳಿದ 2015ರ ಪಟ್ಟಿಯಲ್ಲಿ ಅದಿದೆ.

ಹೆಂಗಸರ ಮಾತು ಬೇರೆಯೇ ಹೇಳಬೇಕು. ಮದ್ದು ಹೊಡೆದ ಅಂಗಿಯನ್ನು ಸಂಜೆ ಒಗೆಯುವವಳು ಯಾರು? ಅದೇ ಬಕೆಟಿನಲ್ಲಿ ಕೂಸಿನ ಬಟ್ಟೆ ನೆನೆಹಾಕುವವಳು ಯಾರು? ಲಂಡನ್ನಿನಲ್ಲಿ 1965ರಲ್ಲಿ, ಕಲ್ನಾರು ಕಾರ್ಖಾನೆಯ ಒಳಗೆ ಕಾಲಿಡದ, ಅಲ್ಲಿ ದುಡಿಯುವವರ ಮನೆಯವರೆಂಬ ಸಂಬಂಧ ಮಾತ್ರ ಇದ್ದವರಲ್ಲಿ ಕಲ್ನಾರಿನ ಕ್ಯಾನ್ಸರ್ ಕಂಡುಬಂತು. ಬಟ್ಟೆಯ ಧೂಳೇ ಮನೆಗೆ ಬಂದಿತ್ತು. ಹಾಜರಿ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ನಮ್ಮ ಪಾಡಿಗಳಿಗೂ ಲೈನ್ ಮನೆಗಳಿಗೂ ಇಂದಿಗೂ ಕಲ್ನಾರಿನ ಶೀಟು ಹೊದೆಸಿದವು ಬೇಕಾದಷ್ಟಿವೆ. ಶೀಟು ಗಟ್ಟಿಯಾಗಿ ಕುಳಿತಿರುವಷ್ಟು ದಿನ ಅಪಾಯ ಕಡಿಮೆ. ಒಡೆದಾಗ, ಗರಗಸ ಹಾಕಿದಾಗ, ಪುಡಿಯಾಗಿ ಉದುರುವಾಗ ಹೆಚ್ಚು. ಒಡೆದ ತುಂಡನ್ನು ತಂದು ಹಂಡೆ ಒಲೆಗೆ ಮರೆ ಕಟ್ಟುವುದು, ಮಕ್ಕಳು ಅದರಿಂದ ನೆಲದಲ್ಲಿ ಗೆರೆ ಎಳೆಯುವುದು ನಿಲ್ಲಬೇಕು. ಖಾಲಿಯಾದ ಮದ್ದಿನ ಕ್ಯಾನನ್ನು ತೊಳೆದು ನೀರಿಗೆ ಇಡುವ ಪದ್ಧತಿಯೂ ಹಾಗೆಯೇ. ಎಷ್ಟು ತೊಳೆದರೂ ಅದು ವಿಷದ ಕ್ಯಾನೇ.

ಕಾನೂನು ಏನೂ ಇಲ್ಲವೆಂದು ತಿಳಿಯಬೇಡಿ. 1951ರ ತೋಟ ಕಾರ್ಮಿಕರ ಕಾಯಿದೆಗೆ 2010ರಲ್ಲಿ ತಿದ್ದುಪಡಿ ಮಾಡಿ ವಿಷವಸ್ತುಗಳ ವಿಚಾರವಾಗಿಯೇ ಒಂದು ಅಧ್ಯಾಯ ಸೇರಿಸಿದರು. ಮದ್ದು ಕಲಸುವ, ಹೊಡೆಯುವ ಪ್ರತಿಯೊಬ್ಬನಿಗೂ ತರಬೇತಿ ಕೊಡಬೇಕು. ಅವಧಿಗೊಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಅವನ ಆರೋಗ್ಯದ ದಾಖಲೆ ಇಡಬೇಕು. ಆ ದಾಖಲೆಯನ್ನು ನೋಡುವ ಹಕ್ಕು ಅವನಿಗಿರಬೇಕು. ತೊಳೆಯುವ, ಮೀಯುವ, ಬಟ್ಟೆ ಬದಲಿಸುವ ಸೌಕರ್ಯ ಬೇಕು. ಆ ಕಾಯಿದೆಯ ಸ್ಥಾನಕ್ಕೆಂದು 2020ರಲ್ಲಿ ಮಾಡಿದ ಕಾರ್ಮಿಕ ಸಂಹಿತೆಯಲ್ಲೂ ತೋಟದ ಮಾಲೀಕನು ಕೀಟನಾಶಕ ಮತ್ತು ವಿಷವಸ್ತುಗಳಿಂದ ಕಾರ್ಮಿಕರನ್ನು ಕಾಪಾಡಬೇಕೆಂಬ ವಿಧಿ ಇದೆ. ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಈ ಪತ್ರಿಕೆ ಓದುವ ನಿಮ್ಮಲ್ಲಿ ತಮ್ಮ ಆರೋಗ್ಯದ ದಾಖಲೆಯನ್ನು ಕಣ್ಣಿನಿಂದ ಕಂಡವರು ಎಷ್ಟು ಮಂದಿ? ನಾನು ಸಂಘದ ಕೆಲಸಕ್ಕೆಂದು ಹೋದ ಒಂದು ತೋಟದಲ್ಲಿ ಅದನ್ನು ತೋರಿಸಿರೆಂದು ಕೇಳಿದಾಗ ರೈಟರು ತಂದಿಟ್ಟದ್ದು ಜ್ವರ, ಕೆಮ್ಮಿಗೆ ಮಾತ್ರೆ ಕೊಟ್ಟ ಡಿಸ್ಪೆನ್ಸರಿಯ ನೋಟು ಪುಸ್ತಕ. ಅದರಲ್ಲಿ ಮದ್ದಿನ ಹೆಸರು ಎಲ್ಲಿಯೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಮದ್ದಿನ ದಿನಗಳಿಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದರು, ಅಷ್ಟೇ.

ಕಾರ್ಮಿಕ ಸಂಘಗಳ ಮುಖಂಡರಿಗೂ ಎರಡು ಮಾತು ಹೇಳದೆ ಬಿಡುವಂತಿಲ್ಲ. ಮದ್ದು ಹೊಡೆಯುವ ದಿನ ಕೂಲಿಯ ಮೇಲೆ ನಾಲ್ಕು ಕಾಸು ಹೆಚ್ಚು ಕೊಡಿಸುವುದನ್ನೇ ಗೆಲುವೆಂದು ಅವರು ಎಣಿಸುತ್ತಾರೆ. ಆ ನಾಲ್ಕು ಕಾಸಿನಿಂದ ಆಗುವುದೇನು? ಮಗಳ ಮದುವೆಯ ಸಾಲ ಇದ್ದವನು, ಶಾಲೆ ಫೀಸಿನ ಚಿಂತೆಯವನು ತಾನಾಗಿ ಮುಂದೆ ಬಂದು ಪಂಪು ಹೊರುತ್ತಾನೆ. ಒಂದೇ ಆಳು ವರ್ಷವಿಡೀ ಮದ್ದಿನ ಆಳಾಗಿ ಉಳಿಯುತ್ತಾನೆ. ಅತಿ ಬಡವನ ಶರೀರವೇ ಅತಿ ಹೆಚ್ಚು ವಿಷ ತಿನ್ನುತ್ತದೆ. ಬತ್ತೆಯನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಬತ್ತೆ ಸಿಕ್ಕಿತೆಂದು ಕೈಗವಸನ್ನು, ಪರೀಕ್ಷೆಯನ್ನು, ರಿಜಿಸ್ಟ್ರಿಯನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಬೇಡಿ ಎನ್ನುತ್ತೇನೆ. ಇಲ್ಲಿ ಒಂದು ಕಷ್ಟವೂ ಇದೆ. ಬೇಸಗೆಯ ಸೆಕೆಯಲ್ಲಿ ರಬ್ಬರ್ ಕೋಟು, ಮುಖವಾಡ ಹಾಕಿಕೊಂಡು ಗುಡ್ಡ ಹತ್ತಲು ಯಾರಿಂದಲೂ ಆಗುವುದಿಲ್ಲ. ಕೊಟ್ಟರೂ ಹಾಕುವುದಿಲ್ಲವೆಂದು ಮೆನೇಜರು ದೂರುವುದು ಪೂರಾ ಸುಳ್ಳಲ್ಲ. ಹಾಗಾದರೆ ಮದ್ದಿನ ಕೆಲಸವನ್ನು ಬೆಳಗಿನ ತಂಪು ಹೊತ್ತಿಗೆ ಇಡಬೇಕು, ಆಳು ಬದಲಾಗುತ್ತಿರಬೇಕು, ಹೆಚ್ಚು ಕೆಟ್ಟ ಮದ್ದನ್ನು ಬಿಟ್ಟು ಬೇರೆ ದಾರಿ ನೋಡಬೇಕು. ಸೆಕೆ ಎಂಬ ಕಾರಣಕ್ಕೆ ವಿಷ ಕಡಿಮೆಯಾಗುವುದಿಲ್ಲವಷ್ಟೆ.

ಮುಂದಿನ ಕೂಲಿ ಮಾತುಕತೆಯಲ್ಲಿ ಸಂಘಗಳು ಇಷ್ಟನ್ನು ಮೊದಲ ಬೇಡಿಕೆಯಾಗಿ ಇಡಬೇಕೆಂದು ನನ್ನ ಒತ್ತಾಯ. ಪ್ರತಿ ತೋಟದಲ್ಲಿ ಮದ್ದಿನ ರಿಜಿಸ್ಟ್ರಿ ಇರಬೇಕು. ಡಬ್ಬಿಯ ಮೇಲಿನ ವ್ಯಾಪಾರದ ಹೆಸರಲ್ಲ, ಒಳಗಿರುವ ವಿಷದ ಹೆಸರು ಅದರಲ್ಲಿ ಬರಬೇಕು. ಜೊತೆಗೆ ದಿನ, ಬ್ಲಾಕು, ಆಳಿನ ಹೆಸರು. ವರ್ಷಕ್ಕೊಮ್ಮೆ ಅವನ ಪಾಲಿನ ಹಾಳೆಯ ನಕಲು ಅವನ ಕೈಗೆ ಬರಬೇಕು. ಕೆಲಸ ಬಿಡುವ ದಿನ, ಪ್ರಾವಿಡೆಂಟ್ ಫಂಡಿನ ಕಾಗದದ ಜೊತೆಗೆ ಇಡೀ ಸೇವೆಯ ಮದ್ದಿನ ಲೆಕ್ಕ ಸಿಗಬೇಕು. ತೋಟ ಮಾರಾಟವಾದರೆ ಆ ರಿಜಿಸ್ಟ್ರಿ ಹೊಸ ಮಾಲೀಕನಿಗೆ ಕಡ್ಡಾಯವಾಗಿ ಹೋಗಬೇಕು. ಇದಕ್ಕೆ ಮಾಲೀಕನಿಗೆ ತಗಲುವ ಖರ್ಚು ಒಂದು ದೊಡ್ಡ ಪುಸ್ತಕ, ಒಂದು ಪೆನ್ನು. ಇಷ್ಟಕ್ಕೂ ಒಪ್ಪದವರು ಯಾವ ಸಾಕ್ಷಿಗೆ ಹೆದರುತ್ತಿದ್ದಾರೆಂದು ಆಗ ಎಲ್ಲರಿಗೂ ತಿಳಿಯುತ್ತದೆ.

ಅಷ್ಟರ ವರೆಗೆ ಸುಮ್ಮನೆ ಕುಳಿತಿರುವುದು ಬೇಡ. ಮನೆಯಲ್ಲಿ ಶಾಲೆಗೆ ಹೋಗುವ ಮಗನೋ ಮಗಳೋ ಇದ್ದರೆ ಒಂದು ನೋಟು ಪುಸ್ತಕದಲ್ಲಿ ಬರೆಯಲು ಹೇಳಿ: ಇಂದು ಅಪ್ಪ ಮದ್ದು ಹೊಡೆದರು, ಡಬ್ಬಿಯ ಹೆಸರು ಹೀಗೆ, ಇಂಥ ಬ್ಲಾಕು. ಡಬ್ಬಿಯ ಲೇಬಲನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೂ ಆದೀತು. ಹಳೆಯ ಕೆಲಸಗಾರರು ನೆನಪಿದ್ದಷ್ಟನ್ನು ಬರೆಯಿಸಿ, ಜೊತೆಗೆ ದುಡಿದ ಇಬ್ಬರ ಸಹಿ ಹಾಕಿಸಿ ಇಡಬಹುದು. ಇದು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೋ, ಏನೂ ಇಲ್ಲದ್ದಕ್ಕಿಂತ ಹೆಚ್ಚು ನಿಲ್ಲುತ್ತದೆ.

ಆಸ್ಪತ್ರೆಗೆ ಹೋದಾಗ ಇನ್ನೊಂದು ಕೆಲಸ. ಮಂಗಳೂರಿಗೇ ಹೋಗಿ, ತಲಶ್ಶೇರಿಗೇ ಹೋಗಿ, ಬೆಂಗಳೂರಿನ ಕಿದ್ವಾಯಿಗೇ ಹೋಗಿ, ಚೀಟಿ ಬರೆಯುವಾಗ ಉದ್ಯೋಗವೇನೆಂದು ಕೇಳುತ್ತಾರೆ. ನಮ್ಮವರು "ಕೂಲಿ" ಎನ್ನುತ್ತಾರೆ. ಹೆಂಗಸರಾದರೆ ಕೇಳದೆಯೇ "ಮನೆವಾರ್ತೆ" ಎಂದು ಬರೆದುಬಿಡುತ್ತಾರೆ, ಅವಳು ಮೂವತ್ತು ವರ್ಷ ಚಹಾ ಚಿವುಟಿದ್ದರೂ. ಆ ಒಂದು ಶಬ್ದದಲ್ಲಿ ಇಡೀ ಇತಿಹಾಸ ಹೂತುಹೋಗುತ್ತದೆ. "ಡಾಕ್ಟರೇ, ನಾನು ತೋಟದಲ್ಲಿ ಇಷ್ಟು ವರ್ಷ ಮದ್ದು ಹೊಡೆದವನು, ಅದನ್ನು ಬರೆಯಿರಿ" ಎಂದು ಹೇಳಿ. ಅವರು ಅವಸರದಲ್ಲಿದ್ದರೆ ಮತ್ತೊಮ್ಮೆ ಹೇಳಿ. ಗಂಟು ಕರಗದಿದ್ದರೆ, ಬಾಯ ಹುಣ್ಣು ಮೂರು ವಾರವಾದರೂ ಮಾಯದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮುಟ್ಟು ನಿಂತ ಮೇಲೆ ಪುನಃ ರಕ್ತ ಕಂಡರೆ ನಾಳೆ ನಾಡಿದ್ದೆನ್ನದೆ ಹೋಗಿ. ಮದ್ದು ಹೊಡೆದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಂದದ್ದು ಬೇಗ ಸಿಕ್ಕಿದರೆ ಗುಣವಾಗುವುದು ಬಹಳ ಇವೆ.

ನೋಟು ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆಗೆ ಅಕ್ಷರ ಮಾಸುತ್ತದೆ. ರೇಷನ್ ಕಾರ್ಡು ಇಡುವಲ್ಲೇ ಇಡಿ.